ಉಸಿರು ಎಣಿಸಲು ಒಂದು ನಿಮಿಷ

ವಾರ್ಡಿನಲ್ಲಿ ಹತ್ತು ಜನರ ಚಾರ್ಟ್ ತೆಗೆದು ನೋಡಿ. ನಾಡಿ ಒಬ್ಬರಿಗೆ 76, ಇನ್ನೊಬ್ಬರಿಗೆ 92, ಮತ್ತೊಬ್ಬರಿಗೆ 110. ಬಿಪಿಯೂ ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗಿಲ್ಲ. ಉಸಿರಾಟದ ಕಾಲಮ್ಮಿಗೆ ಬಂದರೆ ಮಾತ್ರ 18, 18, 20, 18. ಹತ್ತು ಜನ ಒಂದೇ ತಾಳದಲ್ಲಿ ಉಸಿರಾಡುತ್ತಾರಾ? ಇಲ್ಲ. ಯಾರೂ ಎಣಿಸಿಲ್ಲ, ಅಷ್ಟೇ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಹಾಗೆ ಬರೆದಿದ್ದೇನೆ. ಅದಕ್ಕೆ ಸೋಮಾರಿತನ ಕಾರಣ ಅಲ್ಲ. ಮಾಮೂಲಿ ವಾರ್ಡಿನಲ್ಲಿ ನಾಡಿ, ಬಿಪಿ, ಆಕ್ಸಿಜನ್ ಮೂರನ್ನೂ ಮಷೀನ್ ಹೇಳಿಬಿಡುತ್ತದೆ. ಉಸಿರನ್ನು ಮಾತ್ರ ನಾವೇ ನಿಂತು ಎಣಿಸಬೇಕು, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ಹೆಚ್ಚುಕಮ್ಮಿ ಆಗುತ್ತದೆ. ಇನ್ನೊಂದು ತೊಂದರೆಯೂ ಇದೆ. "ನಿಮ್ಮ ಉಸಿರು ಎಣಿಸ್ತೀನಿ" ಅಂದ ಕೂಡಲೇ ರೋಗಿ ಬೇರೆ ಥರ ಉಸಿರಾಡತೊಡಗುತ್ತಾರೆ. ಅದಕ್ಕೇ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡೇ ಇರುತ್ತೇವೆ. ಕಣ್ಣು ಮಾತ್ರ ಎದೆಯ ಮೇಲೆ.

ಒಂದು ರಾತ್ರಿ ಡ್ಯೂಟಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನ್ಯುಮೋನಿಯಾ ಆಗಿದ್ದ ಒಬ್ಬರು. ಜ್ವರ ಇಳಿದಿತ್ತು. ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಅಂತ ಹೇಳುವ ಬೆರಳಿನ ಆಕ್ಸಿಮೀಟರ್ 95 ತೋರಿಸುತ್ತಿತ್ತು. ಸಂಜೆಯ ಚಾರ್ಟಿನಲ್ಲಿ ಉಸಿರು 18. ನೀರು ಕೊಡಲು ಹೋದಾಗ ಅವರು "ಸಿಸ್ಟರ್, ಸ್ವಲ್ಪ..." ಅಂದು ನಿಲ್ಲಿಸಿದರು. ಮತ್ತೆ ಉಸಿರೆಳೆದು "ದಿಂಬು..." ಅಂದರು. ಎರಡು ಮಾತಿಗೊಂದು ಉಸಿರು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿದ್ದವು. ಮಣಿಕಟ್ಟು ಹಿಡಿದು ಎಣಿಸಿದೆ. 31. ನಂಬಿಕೆ ಬರಲಿಲ್ಲ, ಮತ್ತೊಂದು ನಿಮಿಷ ಎಣಿಸಿದೆ. 32. ಡಾಕ್ಟರನ್ನು ಎಬ್ಬಿಸಿದೆ. ಬೆಳಗಾಗುವ ಮುಂಚೆ ಅವರು ಐಸಿಯುನಲ್ಲಿದ್ದರು. ಬದುಕಿ ಮನೆಗೂ ಹೋದರು.

ಮಷೀನ್ ಸುಳ್ಳು ಹೇಳಿರಲಿಲ್ಲ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ದೇಹ ಸುಮ್ನೆ ಕೂರುವುದಿಲ್ಲ. ಜಾಸ್ತಿ ಸಲ ಉಸಿರೆಳೆದು ಕೊರತೆ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳುವಷ್ಟು ಹೊತ್ತು ಆಕ್ಸಿಜನ್ ಅಂಕಿ ಚೆನ್ನಾಗಿಯೇ ಇರುತ್ತದೆ. ದಣಿದ ಮೇಲೆ ಒಮ್ಮೆಲೇ ಕುಸಿಯುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಎಚ್ಚರಿಕೆಯ ಅಂಕಪಟ್ಟಿಯೊಂದನ್ನು ತಂದಿತು; ಅಂಕ ಏರಿದಷ್ಟೂ ರೋಗಿಗೆ ಅಪಾಯ ಹೆಚ್ಚು ಅಂತ ಅರ್ಥ. ಅದರಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಯಾವುದೇ ಒಂದು ಅಳತೆಗೆ ಸಿಗುವ ಅಂಕ ಅದಕ್ಕಿಂತ ಜಾಸ್ತಿ ಇಲ್ಲ. ಆದರೆ 18 ಅಂತ ಸುಮ್ನೆ ಬರೆದರೆ ಆ ಪಟ್ಟಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಅದೇ ಚಾರ್ಟುಗಳನ್ನು ಒಟ್ಟುಮಾಡಿ ನಾಳೆ ಯಾರಾದರೂ ಅಧ್ಯಯನ ಮಾಡಿದರೆ, ಆ 18 ಅಲ್ಲಿಗೂ ಹೋಗಿ ಕೂರುತ್ತದೆ. ಸಂಶೋಧನೆ ಅಂದರೆ ಎಲ್ಲೋ ಲ್ಯಾಬಿನಲ್ಲಿ ನಡೆಯುವ ಕೆಲಸ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಅದರ ಮೊದಲ ಅಂಕಿಯನ್ನು ಮಂಚದ ಪಕ್ಕ ನಿಂತು ಬರೆಯುವವರು ನರ್ಸುಗಳು.

ಆಕ್ಸಿಮೀಟರಿನ ಬಗ್ಗೆಯೂ ಒಂದು ಮಾತು. ಚರ್ಮದ ಬಣ್ಣ ಗಾಢವಾಗಿದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಆಕ್ಸಿಜನ್ ನಿಜಕ್ಕೂ ಕಡಿಮೆ ಇದ್ದೂ ಮಷೀನಿಗೆ ಅದು ಕಾಣದೇ ಹೋದದ್ದು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು. ಅಂಕಿ ಚೆನ್ನಾಗಿದ್ದು ಮುಖ ಚೆನ್ನಾಗಿಲ್ಲದಿದ್ದರೆ ನಾನು ಮುಖವನ್ನೇ ನಂಬುತ್ತೇನೆ.

ಆಕ್ಸಿಜನ್ ಕೊಡುವುದರಲ್ಲೂ ನರ್ಸಿನ ಕೈ ದೊಡ್ಡದು. "ಸಿಸ್ಟರ್, ಇನ್ನೂ ಸ್ವಲ್ಪ ಜಾಸ್ತಿ ಬಿಡಿ, ಒಳ್ಳೇದಲ್ವಾ?" ಅಂತ ಮನೆಯವರು ಕೇಳುತ್ತಾರೆ. ಹಳೆಯ ಸಿಒಪಿಡಿ, ಅಂದರೆ ಉಸಿರುನಾಳ ಕಿರಿದಾಗಿ ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಅದು ಒಳ್ಳೆಯದಲ್ಲ. ಅಂಥವರಲ್ಲಿ ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅವರಿಗೆ ಆಕ್ಸಿಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿ ಇದನ್ನು ಪರೀಕ್ಷಿಸಿ ನೋಡಿದರು. 405 ರೋಗಿಗಳಲ್ಲಿ ಕೆಲವರಿಗೆ ಜೋರಾಗಿ, ಕೆಲವರಿಗೆ ಅಳತೆ ನೋಡಿ ಆಕ್ಸಿಜನ್ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಜೋರಾಗಿ ಕೊಟ್ಟವರಲ್ಲಿ ನೂರಕ್ಕೆ 9 ಜನ ತೀರಿಕೊಂಡಿದ್ದರು, ಅಳೆದು ಕೊಟ್ಟವರಲ್ಲಿ 4. ಔಷಧ ಹೊಸದಲ್ಲ, ಮಷೀನ್ ಹೊಸದಲ್ಲ. ತಿರುಪು ಎಷ್ಟು ತಿರುಗಿಸಬೇಕು ಅನ್ನುವುದಷ್ಟೇ ಪ್ರಶ್ನೆ.

ಇನ್ನು ಇನ್‌ಹೇಲರ್. ನನಗೆ ಅತೀ ಹೆಚ್ಚು ಸಂಕಟ ಕೊಡುವ ವಿಷಯ ಇದೇ. "ದಿನಾ ತಗೋತೀನಿ, ಏನೂ ಗುಣ ಇಲ್ಲ" ಎಂದು ಒಬ್ಬ ಹೆಂಗಸು ಬಂದಿದ್ದರು. "ಹೇಗೆ ತಗೋತೀರಿ, ಒಮ್ಮೆ ತೋರಿಸಿ" ಅಂದೆ. ಅವರು ಬಾಯಿ ತೆರೆದು, ಒತ್ತಿ, ಉಸಿರು ಬಿಗಿ ಹಿಡಿದು ಕೂತರು. ಒಳಗೆ ಎಳೆದುಕೊಳ್ಳಲೇ ಇಲ್ಲ. ಔಷಧವೆಲ್ಲ ನಾಲಿಗೆಯ ಮೇಲೆ. ಎರಡು ವರ್ಷದಿಂದ ಹಾಗೇ. ಡೋಸ್ ಎರಡು ಸಲ ಹೆಚ್ಚಿಸಿದ್ದರು, ಆದರೆ ತೋರಿಸಿ ಎಂದು ಯಾರೂ ಕೇಳಿರಲಿಲ್ಲ. ಪಂಪ್ ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಎಳೆಯಲು ಶುರು ಮಾಡಿದಾಗ ಒತ್ತಿ, ಹತ್ತು ಸೆಕೆಂಡ್ ಹಿಡಿಯಬೇಕು. ಪುಡಿಯ ಇನ್‌ಹೇಲರ್ ಆದರೆ ಇದಕ್ಕೆ ಉಲ್ಟಾ, ಜೋರಾಗಿ ರಭಸದಿಂದ ಎಳೆಯಬೇಕು. ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಪಂಪಿಗೆ ಸಿಕ್ಕಿಸಿ ಔಷಧ ಎಳೆದುಕೊಳ್ಳುವ ಕೊಳವೆ, ಸ್ಪೇಸರ್, ಕೊಟ್ಟು ಮೂರು ಸಲ ಅವರಿಂದಲೇ ಮಾಡಿಸಿದೆ. ನಾನು ಮಾಡಿ ತೋರಿಸಿದ್ದಕ್ಕಿಂತ ಅವರು ಮಾಡಿ ತೋರಿಸಿದ್ದೇ ಕೆಲಸಕ್ಕೆ ಬಂತು.

ಇದು ಒಬ್ಬರ ಕಥೆ ಅಲ್ಲ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದ 2016ರ ಒಂದು ವರದಿ ಪ್ರಕಾರ, ಇನ್‌ಹೇಲರನ್ನು ಸರಿಯಾಗಿ ಬಳಸುವವರು ನೂರಕ್ಕೆ ಸುಮಾರು 31. ಅದಕ್ಕಿಂತ ಬೇಸರದ ಸಂಗತಿ, ನಲವತ್ತು ವರ್ಷಗಳಲ್ಲಿ ಇದು ಸುಧಾರಿಸಿಯೇ ಇಲ್ಲ. ಅಷ್ಟರಲ್ಲಿ ಎಷ್ಟು ಹೊಸ ಔಷಧ ಬಂದವು!

ನರ್ಸುಗಳು ತಾವೇ ಪ್ರಶ್ನೆ ಕೇಳಿದಾಗ ಏನಾಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವುದು ಜೆಸ್ಸಿಕಾ ಕಾರ್ನರ್ ಮತ್ತು ಜೊತೆಗಾರರ ಕೆಲಸ. ಕಾರ್ನರ್ ಸ್ವತಃ ನರ್ಸ್. ಶ್ವಾಸಕೋಶದ ಕ್ಯಾನ್ಸರ್ ಇರುವವರ ಏದುಸಿರಿಗೆ ಇನ್ನೇನೂ ಮಾಡಲಾಗದು ಎಂದು ಕೈಬಿಡುತ್ತಿದ್ದ ಕಾಲ ಅದು. ಬ್ರಿಟನ್ನಿನಲ್ಲಿ ನರ್ಸುಗಳೇ ನಡೆಸುವ ಕ್ಲಿನಿಕ್ಕಿಗೆ ಅಂಥವರನ್ನು ವಾರಕ್ಕೊಮ್ಮೆ ಕರೆದರು. ಉಸಿರನ್ನು ಹತೋಟಿಗೆ ತರುವುದು, ಕೆಲಸವನ್ನು ತುಂಡು ತುಂಡಾಗಿ ಮಾಡುವುದು, ಮೈ ಸಡಿಲ ಬಿಡುವುದು ಹೇಳಿಕೊಟ್ಟರು. ಅವರ ಭಯವನ್ನು ಕೂತು ಕೇಳಿದರು. 119 ಜನರ ಮೇಲೆ ನಡೆದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಎಂಟು ವಾರದ ಹೊತ್ತಿಗೆ ಏದುಸಿರು, ಓಡಾಟ, ಮನಸ್ಸಿನ ಕುಗ್ಗುವಿಕೆ ಮೂರರಲ್ಲೂ ವ್ಯತ್ಯಾಸ ಕಂಡಿತ್ತು. ಏದುಸಿರು ಬಂದಾಗ ಸಾವೇ ಬಂದ ಹಾಗೆ ಅನಿಸುತ್ತದೆ. ಅದನ್ನು ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ನೋಡಿದವರಿಗೇ ಇಂಥ ಪ್ರಶ್ನೆ ಹೊಳೆಯುವುದು.

ಹಲ್ಲುಜ್ಜಿಸುವುದೂ ಅಷ್ಟೇ. ಅದನ್ನು ಸಣ್ಣ ಕೆಲಸ ಅನ್ನುತ್ತಾರೆ. ಆದರೆ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. 2023ರಲ್ಲಿ 15 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಬ್ರಷ್‌ನಿಂದ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ವೆಂಟಿಲೇಟರಿನಲ್ಲಿ ಇದ್ದವರಿಗೆ ಲಾಭ ಎದ್ದು ಕಾಣುತ್ತಿತ್ತು.

ಇಷ್ಟಾದರೂ ಸಂಶೋಧನೆಯಲ್ಲಿ ನರ್ಸಿಗೆ ಸಿಗುವುದು ಹೆಚ್ಚಾಗಿ ಫಾರ್ಮ್ ತುಂಬುವ ಕೆಲಸ. ಪ್ರಶ್ನೆ ಬೇರೆಯವರದು, ಹೆಸರು ಬೇರೆಯವರದು. ಇದು ಬದಲಾಗಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಅದಕ್ಕೆ ಮೊದಲು ಬೇಕಾದದ್ದು ಸಮಯ. ಒಬ್ಬ ನರ್ಸಿಗೆ ಇಪ್ಪತ್ತು ರೋಗಿಗಳಿದ್ದರೆ ಉಸಿರು ಎಣಿಸುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಡ್ಯೂಟಿ ಪಟ್ಟಿಯಲ್ಲಿ ಇರುವುದೇ ಇಲ್ಲ. ಆಗ ಕಾಲಮ್ಮಿನಲ್ಲಿ ಮತ್ತೆ 18 ಬರುತ್ತದೆ.

ಹೋದ ತಿಂಗಳು ಕಿರಿಯ ನರ್ಸ್ ಒಬ್ಬಳು ಬಂದು, "ಸ್ನಾನ ಮಾಡಿಸಿದ ಮೇಲೆ ಆ ಮೂಲೆಯ ಅಜ್ಜನ ಉಸಿರು ಎಷ್ಟು ಹೊತ್ತಾದರೂ ಇಳಿಯೋದಿಲ್ಲ. ಕೂರಿಸಿ ಮಾಡಿಸಿದರೆ ಬೇಗ ಇಳಿಯಬಹುದಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆಸ್ಪತ್ರೆಯ ಒಪ್ಪಿಗೆಗೆ ಅರ್ಜಿ ಹಾಕಿದ್ದೇವೆ. ಸಿಕ್ಕ ಮೇಲೆ ಎಣಿಸುವುದು ಸ್ನಾನಕ್ಕೆ ಮುಂಚೆ, ಸ್ನಾನ ಆದ ಕೂಡಲೇ, ಮತ್ತೆ ಹತ್ತು ನಿಮಿಷ ಬಿಟ್ಟು. ಪ್ರತಿ ಸಲವೂ ಪೂರ್ತಿ ಒಂದು ನಿಮಿಷ. ಅರ್ಜಿಯಲ್ಲಿ ಮೊದಲ ಹೆಸರು ಅವಳದೇ.