ಮ್ಯಾಚ್ ನಡುವೆ ಎದ್ದು ಬರಲಾಗದ್ದೇಕೆ? ಜೊತೆಯಾಟದ ವಿಡಿಯೋ ಗೇಮ್‌ಗಳ ಹಿನ್ನೆಲೆ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಮೊದಲು ಗೊತ್ತಾಗುವುದು ಮಕ್ಕಳಿಗೆ. ಕಾಫಿ ಒಣಗಿಸುವ ಕಣದ ಒಂದು ಮೂಲೆ, ಇಲ್ಲವೇ ಗೇಟಿನ ಹತ್ತಿರದ ದಿಣ್ಣೆ. ಸಂಜೆ ಅಲ್ಲಿ ಫೋನ್ ಹಿಡಿದು ಕೂತ ಹುಡುಗನನ್ನು ಊಟಕ್ಕೆ ಕರೆದರೆ ಬರುವ ಉತ್ತರ ತೋಟದಲ್ಲೂ ಹಾಸನ ಪೇಟೆಯಲ್ಲೂ ಒಂದೇ: "ಅಮ್ಮಾ, ಇದೊಂದು ಮ್ಯಾಚ್ ಮುಗೀಲಿ. ನಾನೀಗ ಬಿಟ್ರೆ ಅವ್ರು ಮೂರೇ ಜನ ಆಗ್ತಾರೆ."

ಅಮ್ಮ ಲೆಕ್ಕ ಹಾಕುವುದು ಹೊತ್ತನ್ನು, ಮಗ ಲೆಕ್ಕ ಹಾಕುವುದು ಜನರನ್ನು. ಪಬ್‌ಜಿ ಎಂಬ ಗುಂಡಿನ ಕಾಳಗದ ಆಟದ ಭಾರತೀಯ ಆವೃತ್ತಿಯಾದ ಬಿಜಿಎಂಐಯಂಥ ಆಟದಲ್ಲಿ ನಾಲ್ವರ ಸ್ಕ್ವಾಡ್ (ತಂಡ) ಒಂದು ಮ್ಯಾಚನ್ನು ಕೊನೆಯವರೆಗೆ ಆಡಲು ಸುಮಾರು ಅರ್ಧ ಗಂಟೆ ಬೇಕು. ನಡುವೆ ಎದ್ದು ಹೋದವನು ಉಳಿದ ಮೂವರ ಸೋಲಿಗೆ ಹೊಣೆಯಾಗುತ್ತಾನೆ, ಮತ್ತು ಆ ಮೂವರಲ್ಲೊಬ್ಬ ಮಾರನೆಯ ಬೆಳಿಗ್ಗೆ ಸ್ಕೂಲ್ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾನೆ. ನಾವು ಹಟ ಎಂದು ಬೈಯುವುದರಲ್ಲಿ ದೊಡ್ಡ ಪಾಲು ದಾಕ್ಷಿಣ್ಯ. ಆ ದಾಕ್ಷಿಣ್ಯವನ್ನು ಯಾರೋ ಕೂತು, ಯೋಚಿಸಿ, ಆಟದ ನಿಯಮವಾಗಿ ಹೆಣೆದಿರುತ್ತಾರೆ. ಜೊತೆಯಾಟದ ಗೇಮ್‌ಗಳ ಚರಿತ್ರೆಯನ್ನು ಓದಿದಷ್ಟೂ ನನಗೆ ಖಾತ್ರಿಯಾಗುತ್ತಿರುವುದು ಇದು: ಆಡುವವರು ಒಳ್ಳೆಯವರಾಗುವುದೂ ಕೆಟ್ಟವರಾಗುವುದೂ, ಹಗುರಾಗುವುದೂ ಸಿಕ್ಕಿಬೀಳುವುದೂ ಬಹುಮಟ್ಟಿಗೆ ಆಟ ಅವರನ್ನು ಇನ್ನೊಬ್ಬ ಮನುಷ್ಯನ ಎದುರು ಹೇಗೆ ನಿಲ್ಲಿಸುತ್ತದೆ ಎಂಬುದರ ಮೇಲಿದೆ.

ಈ ಚರಿತ್ರೆ ಮೊಬೈಲಿಗಿಂತ ಬಹಳ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟ ಶುರುಮಾಡಿದರು, ಅದನ್ನು ರಿಚರ್ಡ್ ಬಾರ್ಟಲ್ ಬೆಳೆಸಿದರು. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ಆದರೂ ಒಂದೇ ಲೋಕದೊಳಗೆ ಹಲವರು ಒಟ್ಟಿಗೆ ಓಡಾಡಬಹುದಿತ್ತು. ವರ್ಷಗಟ್ಟಲೆ ಆಟಗಾರರನ್ನು ಗಮನಿಸಿದ ಬಾರ್ಟಲ್ 1996ರಲ್ಲಿ ಅವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅಂಕ, ಪದವಿಗಳ ಹಿಂದೆ ಬೀಳುವವರು, ಮೂಲೆಮೂಲೆ ಹುಡುಕುವವರು, ಮಾತುಕತೆಗೆಂದೇ ಬರುವವರು, ಬೇರೆಯವರನ್ನು ಕಾಡುವುದರಲ್ಲೇ ಸುಖ ಕಾಣುವವರು. ಒಂದು ಬಗೆಯವರು ಹೆಚ್ಚಾದರೆ ಇನ್ನೊಂದು ಬಗೆಯವರು ಜಾಗ ಖಾಲಿ ಮಾಡುತ್ತಾರೆ, ನಿಯಮ ಬದಲಿಸಿದರೆ ಈ ತಕ್ಕಡಿ ವಾಲುತ್ತದೆ ಎಂದೂ ಅವರು ತೋರಿಸಿದರು.

ಬರೀ ಅಕ್ಷರ ಎಷ್ಟು ಆಳಕ್ಕೆ ತಾಗಬಲ್ಲದು ಎಂಬುದು ಅಮೆರಿಕದ 'ಲ್ಯಾಂಬ್ಡಾಮೂ'ನಲ್ಲಿ ಬಯಲಾಯಿತು. 1990ರಲ್ಲಿ ಪಾವೆಲ್ ಕರ್ಟಿಸ್ ಕಟ್ಟಿದ ಈ ಅಕ್ಷರಲೋಕದಲ್ಲಿ ಒಬ್ಬ ಆಟಗಾರ ಬೇರೆಯವರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಎಲ್ಲರೆದುರು ಪದಗಳಲ್ಲೇ ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. ಪತ್ರಕರ್ತ ಜೂಲಿಯನ್ ಡಿಬೆಲ್ 1993ರಲ್ಲಿ ಇದನ್ನು ವರದಿ ಮಾಡಿದಾಗ ಓದಿದವರು ಬೆಚ್ಚಿದರು: ದೌರ್ಜನ್ಯಕ್ಕೆ ಗುರಿಯಾದ ಪಾತ್ರವೊಂದನ್ನು ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳು, ತನ್ನ ಮನೆಯಲ್ಲಿ, ಕಂಪ್ಯೂಟರ್ ಮುಂದೆ ನಿಜವಾಗಿ ಕಣ್ಣೀರಿಟ್ಟಿದ್ದಳು. "ಅದು ಆಟ ತಾನೇ" ಎಂದು ತಳ್ಳಿಹಾಕುವವರಿಗೆ ಈ ಪ್ರಸಂಗವನ್ನು ನಾನು ಪ್ರತಿಸಲ ನೆನಪಿಸುತ್ತೇನೆ. ಆಮೇಲೆ ಅಲ್ಲಿನವರು ಸೇರಿ ವಾದ ಮಾಡಿದರು, ದೌರ್ಜನ್ಯ ನಡೆಸಿದವನ ಪಾತ್ರವನ್ನು ಅಳಿಸಲಾಯಿತು, ಅರ್ಜಿ ಕೊಟ್ಟು ಮತ ಹಾಕುವ ಪದ್ಧತಿಯೂ ಬಂತು.

2005ರ ಸೆಪ್ಟೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಯಾರೂ ಯೋಜಿಸದ ಒಂದು ಪ್ರಯೋಗ ನಡೆದುಹೋಯಿತು. ಆಟದ ಒಂದು ಕಾಳಗದ ತಾಣದೊಳಗೆ ಮಾತ್ರ ಇರಬೇಕಿದ್ದ ರೋಗ ತಾಂತ್ರಿಕ ಲೋಪದಿಂದ ಸಾಕುಪ್ರಾಣಿಗಳ ಮೂಲಕ ಪಟ್ಟಣಗಳಿಗೆ ಹಬ್ಬಿ, ಬಲ ಕಡಿಮೆಯಿದ್ದ ಪಾತ್ರಗಳೆಲ್ಲ ಬಿದ್ದು ಸತ್ತವು. ಕೆಲವರು ಮದ್ದು ಮಾಡಲು ಓಡಿಬಂದರು, ಕೆಲವರು ಊರು ಬಿಟ್ಟರು, ಕೆಲವರು ಬೇಕೆಂದೇ ಸೋಂಕು ಅಂಟಿಸಿದರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬರುವವರನ್ನು ತಡೆಯಲು ಊರ ದಾರಿಗೆ ಮುಳ್ಳು ಎಳೆದದ್ದನ್ನೂ, ಅದೇ ಊರಲ್ಲಿ ಕ್ವಾರಂಟೈನ್ ಆದವರಿಗೆ ಊಟದ ಡಬ್ಬಿ ಇಟ್ಟು ಬಂದದ್ದನ್ನೂ ಕಂಡವರಿಗೆ ಆ ಪ್ರಬಂಧದ ಮನುಷ್ಯರು ಅಪರಿಚಿತರಲ್ಲ.

ಹೀಗೆ ಜನರ ಸ್ವಭಾವ ತಾನಾಗಿ ಹೊರಬೀಳುತ್ತಿದ್ದ ಕಡೆ, ಅದನ್ನೇ ಬಂಡವಾಳ ಮಾಡಿಕೊಂಡ ಆಟಗಳು 2009ರ ಹೊತ್ತಿಗೆ ಬಂದವು. ಆ ವರ್ಷ ಜಿಂಗಾ ಕಂಪನಿ ಫೇಸ್‌ಬುಕ್‌ನಲ್ಲಿ 'ಫಾರ್ಮ್‌ವಿಲ್' ಬಿಟ್ಟಿತು. ಸ್ಟ್ರಾಬೆರಿ ನೆಟ್ಟರೆ ನಾಲ್ಕು ಗಂಟೆಗೆ ಫಸಲು, ಹೊತ್ತು ಮೀರಿ ಬಂದರೆ ಬಾಡಿದ ಗಿಡ. ಬೇಗ ಬೆಳೆಯಬೇಕೆಂದರೆ ಗೆಳೆಯರನ್ನು 'ನೆರೆಯವರು' ಮಾಡಿಕೊಂಡು ಅವರಿಗೆ ಕೋರಿಕೆ ಕಳಿಸುತ್ತಲೇ ಇರಬೇಕು. ಇದನ್ನು ಕಂಡು ರೇಗಿದ ಅಮೆರಿಕದ ಪ್ರಾಧ್ಯಾಪಕ, ಗೇಮ್ ವಿನ್ಯಾಸಕ ಇಯಾನ್ ಬೋಗೋಸ್ಟ್ 2010ರಲ್ಲಿ 'ಕೌ ಕ್ಲಿಕರ್' ಎಂಬ ಅಣಕು ಆಟ ಮಾಡಿದರು. ಪರದೆಯ ಮೇಲೊಂದು ಹಸು. ಆರು ಗಂಟೆಗೊಮ್ಮೆ ಅದನ್ನು ಒತ್ತಬಹುದು, ಒತ್ತಿದರೆ ಒಂದು ಅಂಕ. ಗೆಳೆಯರ ಹಸುಗಳನ್ನು ತಮ್ಮ ಹುಲ್ಲುಗಾವಲಿಗೆ ಸೇರಿಸಿಕೊಂಡರೆ ಇನ್ನಷ್ಟು ಅಂಕ, ದುಡ್ಡು ಕೊಟ್ಟರೆ ಕಾಯುವುದು ತಪ್ಪುತ್ತದೆ. ಅಷ್ಟೇ ಆಟ.

ಇಂಥ ಆಟಗಳ ಪೊಳ್ಳುತನ ತೋರಿಸಲೆಂದೇ ಅವರು ಇದನ್ನು ಮಾಡಿದ್ದು. ಆದರೆ ಸುಮಾರು 50,000 ಜನ ಮನಸಾರೆ ಆಡಿದರು. ಹಾಸನದ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಯವರಿಗೆ ಹಸು ಹೊತ್ತು ಹೊತ್ತಿಗೆ ಮನುಷ್ಯನನ್ನು ಕಟ್ಟಿಹಾಕುವುದು ಹೊಸದಲ್ಲ. ನೆಂಟರ ಮದುವೆಯಿಂದಲೂ ಸಂಜೆ ಕರೆಯುವ ಹೊತ್ತಿಗೆ ಎದ್ದು ಬರಬೇಕು. ಅಲ್ಲಿ ಕೊನೆಗೆ ಹಾಲು ಸಿಗುತ್ತದೆ, ಬೋಗೋಸ್ಟರ ಹಸು ಕೊಟ್ಟದ್ದು ಬರೀ ಅಂಕಿ. ತಮ್ಮ ಆಟಕ್ಕೆ ಜನ ಅಂಟಿಕೊಂಡದ್ದನ್ನು ನೋಡಿ ಸ್ವತಃ ಕಳವಳಗೊಂಡ ಅವರು 2011ರ ಸೆಪ್ಟೆಂಬರಿನಲ್ಲಿ ಹಸುಗಳನ್ನೆಲ್ಲ ಮಾಯ ಮಾಡಿದರು. ಆಮೇಲೂ ಕೆಲವರು ಹಸು ಇದ್ದ ಖಾಲಿ ಜಾಗವನ್ನೇ ಒತ್ತುತ್ತಿದ್ದರು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಆ ಹುಲ್ಲುಗಾವಲು ಗೆಳೆಯರು ಸಿಗುವ ಕಟ್ಟೆಯೂ ಆಗಿತ್ತು.

ನಿಯಮ ಬದಲಾದರೆ ಮನುಷ್ಯ ಎಷ್ಟು ಬದಲಾಗುತ್ತಾನೆ ಎಂಬುದಕ್ಕೆ 2012ರ 'ಜರ್ನಿ'ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜೆನೋವಾ ಚೆನ್ ತಂಡದ ಈ ಆಟದಲ್ಲಿ ಮರಳುಗಾಡಿನ ನಡುವೆ ಗುರುತಿಲ್ಲದ ಇನ್ನೊಬ್ಬ ಆಟಗಾರ ಎದುರಾಗುತ್ತಾನೆ. ಮೊದಲ ಮಾದರಿಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟಿ, ತಳ್ಳಿ ಸಹಾಯ ಮಾಡಬಹುದಿತ್ತು. ಪರೀಕ್ಷೆಗೆ ಆಡಿದವರು ಮಾಡಿದ್ದೇ ಬೇರೆ: ಜೊತೆಗಾರನನ್ನು ಪ್ರಪಾತಕ್ಕೆ ದೂಡಿದರು. ಬೇಸರಗೊಂಡ ಚೆನ್ ಆಟಗಾರರಿಗೆ ಬುದ್ಧಿ ಹೇಳುವ ಗೋಜಿಗೆ ಹೋಗದೆ ನಿಯಮವನ್ನೇ ತಿದ್ದಿದರು. ಒಬ್ಬರ ಮೈ ಇನ್ನೊಬ್ಬರನ್ನು ದೂಡದಂತೆ ಮಾಡಿದರು, ಹತ್ತಿರ ಬಂದರೆ ಇಬ್ಬರಿಗೂ ಹಾರುವ ಶಕ್ತಿ ಸಿಗುವಂತೆ ಮಾಡಿದರು. ಮಾತಿಲ್ಲ, ಹೆಸರಿಲ್ಲ, ಕೂಗಿದರೆ ಒಂದು ಸ್ವರ ಮಾತ್ರ. ಮನುಷ್ಯರು ಅದೇ ಬಗೆಯವರು, ಆದರೆ ಈಗ ಹಿಂದುಳಿದವನಿಗಾಗಿ ನಿಂತು ಕಾದರು. ಆಟ ಮುಗಿದಾಗ ಕಣ್ಣೊದ್ದೆಯಾಯಿತು ಎಂದು ಬರೆದುಕೊಂಡವರು ಅನೇಕರು.

2013ರಲ್ಲಿ ಬಂದು 2017ರಲ್ಲಿ ನಿಂತುಹೋದ ಪುಟ್ಟ ಆಟ 'ಮೊಯ್ರಾಯ್' ಹಿಡಿದದ್ದು ಬೇರೆ ದಾರಿ. ಗುಹೆಗೆ ಹೋಗುವ ನಿಮಗೆ, ಬಟ್ಟೆಗೆ ರಕ್ತ ಅಂಟಿದ, ಕೈಯಲ್ಲಿ ಚಾಕು ಹಿಡಿದ ರೈತ ಎದುರಾಗುತ್ತಾನೆ. ಮೂರು ಪ್ರಶ್ನೆ ಕೇಳಿ ಅವನನ್ನು ಬಿಡುವುದೋ ಕೊಲ್ಲುವುದೋ ತೀರ್ಮಾನಿಸಬೇಕು. ಗುಹೆಯೊಳಗೆ ಸಾವಿಗಾಗಿ ಬೇಡುವ ಹೆಂಗಸು. ಹೊರಬರುವಾಗ ಚಾಕು ನಿಮ್ಮ ಕೈಯಲ್ಲಿದೆ, ಅದೇ ಮೂರು ಪ್ರಶ್ನೆ ಈಗ ನಿಮಗೆ. ನೀವು ಟೈಪ್ ಮಾಡಿದ ಉತ್ತರ ಮುಂದಿನ ಆಟಗಾರನಿಗೆ ಹೋಗುತ್ತದೆ, ನಿಮ್ಮನ್ನು ಅವನು ಉಳಿಸಿದನೋ ಇಲ್ಲವೋ ಎಂಬುದು ಆಮೇಲೆ ಇಮೇಲಿನಲ್ಲಿ ಬರುತ್ತದೆ. ನೀವು ಮೊದಲು ತೀರ್ಪು ಕೊಟ್ಟ ರೈತನೂ ನಿಮ್ಮಂತೆಯೇ ಒಬ್ಬ ಆಟಗಾರನಾಗಿದ್ದ ಎಂಬುದು ಆಗ ಹೊಳೆಯುತ್ತದೆ.

ನಮ್ಮ ಕಡೆಗೆ ಇದೆಲ್ಲ ಬಂದದ್ದು ತಡವಾಗಿ, ಬಂದಾಗ ಒಮ್ಮೆಲೇ. 2016ರ ನಂತರ ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು, 2020ರಲ್ಲಿ ಆನ್‌ಲೈನ್ ಕ್ಲಾಸಿನ ನೆಪದಲ್ಲಿ ಫೋನ್ ಮಕ್ಕಳ ಕೈಗೆ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, ಮರುವರ್ಷ ಅದನ್ನೂ ತೆಗೆಸಿದರು. 2023ರ ಮೇನಲ್ಲಿ ಮರಳಿದಾಗ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಇತ್ತು. ಸರ್ಕಾರದ ಲೆಕ್ಕವೂ ಅಮ್ಮನ ಲೆಕ್ಕವೇ, ಗಂಟೆಯದು.

ಗಂಟೆಯ ಲೆಕ್ಕ ಹೆಚ್ಚು ಹೇಳುವುದಿಲ್ಲ ಎನ್ನುತ್ತದೆ 2022ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಏಳು ಆಟಗಳ ಸುಮಾರು 39,000 ಆಟಗಾರರು ನಿಜವಾಗಿ ಆಡಿದ ಹೊತ್ತಿನ ದಾಖಲೆಯನ್ನು ಕಂಪನಿಗಳಿಂದಲೇ ಪಡೆದು ನೋಡಿದಾಗ, ಆಡಿದ ಹೊತ್ತಿಗೂ ಅವರ ನೆಮ್ಮದಿಗೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. ವ್ಯತ್ಯಾಸ ಕಂಡದ್ದು ಏಕೆ ಆಡುತ್ತಾರೆ ಎಂಬುದರಲ್ಲಿ. ಇಷ್ಟಪಟ್ಟು ಆಡುವವರು ನೆಮ್ಮದಿಯಾಗಿದ್ದರು, ಆಡಲೇಬೇಕು ಎಂಬ ಒತ್ತಡದಲ್ಲಿ ಆಡುವವರು ಅಷ್ಟಾಗಿ ಇರಲಿಲ್ಲ. ಅದು ಹೊರದೇಶದವರ ಅಧ್ಯಯನ, ನಮ್ಮ ಹೈಸ್ಕೂಲ್ ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಬಾಡುವ ಸ್ಟ್ರಾಬೆರಿಯೂ, ಮೂವರನ್ನು ಬಿಟ್ಟು ಏಳಲಾಗದ ಸ್ಕ್ವಾಡೂ ಇಷ್ಟವನ್ನು ಒತ್ತಡಕ್ಕೆ ತಿರುಗಿಸುವ ಕೆಲಸವನ್ನೇ ಮಾಡುತ್ತವೆ.

ಆ ಒತ್ತಡ ಅತಿಯಾದಾಗ ಅದು ಕಾಯಿಲೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಮೂರು ಲಕ್ಷಣ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದ್ದರೂ ನಿಲ್ಲಿಸದಿರುವುದು. ಸಾಮಾನ್ಯವಾಗಿ ಇದು ವರ್ಷದಷ್ಟು ಕಾಲ ಕಂಡಿರಬೇಕು. ಇಲ್ಲೂ ಗಂಟೆಯ ಮಿತಿ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಟೆಲಿಮಾನಸ್‌ನವರೊಂದಿಗೆ ಕನ್ನಡದಲ್ಲೇ ಮಾತಾಡಬಹುದು.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಟಗಳನ್ನು ಇ-ಸ್ಪೋರ್ಟ್ಸ್ (ಸ್ಪರ್ಧೆಯ ಆಟ), ಸೋಷಿಯಲ್ ಗೇಮ್ (ಹಣ ಪಣಕ್ಕಿಡದ ಮನರಂಜನೆಯ ಆಟ), ಹಣದ ಆಟ ಎಂದು ಮೂರಾಗಿ ಬೇರ್ಪಡಿಸಿ, ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. ರಮ್ಮಿಯಲ್ಲಿ ಸಾಲ ಮಾಡಿಕೊಂಡ ಮನೆಗಳಿರುವ ಊರುಗಳಿಗೆ ಇದು ಬೇಕಿತ್ತು. ಸೋಷಿಯಲ್ ಗೇಮ್‌ಗಳನ್ನು ಗುರುತಿಸಿ ನೋಂದಾಯಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ಆ ನೋಂದಣಿಯ ಅರ್ಜಿಯಲ್ಲಿ ಮೂರು ಪ್ರಶ್ನೆಗಳಿರಲಿ ಎಂಬುದು ನನ್ನ ಒತ್ತಾಯ: ನಡುವೆ ಎದ್ದುಹೋದ ಮಗುವಿಗೆ ಈ ಆಟ ಏನು ಶಿಕ್ಷೆ ಕೊಡುತ್ತದೆ? ಕಾಯುವುದನ್ನು ತಪ್ಪಿಸಲು ದುಡ್ಡು ಕೇಳುತ್ತದೆಯೇ? ಗೆಳೆಯರನ್ನು ಕರೆತರಲು ಪೀಡಿಸುತ್ತದೆಯೇ?