ಪದ ಪರಿಚಯ: ಸರ್ಟಿಫೈಡ್ ಸಾಲ್ಟ್ ಅಪ್ಲಿಕೇಟರ್

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಮಂಜುಗಡ್ಡೆ ಕರಗಲೆಂದು ರಸ್ತೆ, ಪಾರ್ಕಿಂಗ್ ಜಾಗ, ಕಾಲುದಾರಿಗಳಿಗೆಲ್ಲ ಉಪ್ಪು ಎರಚುತ್ತಾರೆ. ಈ ಕೆಲಸವನ್ನು ಗುತ್ತಿಗೆಗೆ ಮಾಡುವವರು ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಸರ್ಕಾರದ ಸರ್ಟಿಫಿಕೇಟ್ ಪಡೆದರೆ ಅವರು ಸರ್ಟಿಫೈಡ್ ಸಾಲ್ಟ್ ಅಪ್ಲಿಕೇಟರ್. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನಿನಲ್ಲೇ ಇದಕ್ಕೆ ಜಾಗವಿದೆ.

ಉಪ್ಪು ಎರಚುವುದಕ್ಕೂ ಸರ್ಟಿಫಿಕೇಟಾ ಅನ್ನಿಸಬಹುದು. ಆದರೆ ಮಂಜುಗಡ್ಡೆ ಕರಗಿ ಹರಿದ ಮೇಲೂ ಉಪ್ಪು ಎಲ್ಲೂ ಹೋಗಿರುವುದಿಲ್ಲ. ಅದರೊಳಗಿನ ಕ್ಲೋರೈಡ್ ಹಳ್ಳ, ಕೆರೆ, ಬಾವಿ ಸೇರುತ್ತದೆ. ಅದು ಕೊಳೆಯುವುದಿಲ್ಲ, ಮಾಮೂಲಿ ನೀರು ಶುದ್ಧೀಕರಣಕ್ಕೂ ಬಗ್ಗುವುದಿಲ್ಲ. ಜಲಚರಗಳು ದೀರ್ಘಕಾಲ ತಾಳಬಲ್ಲ ಕ್ಲೋರೈಡ್ ಮಿತಿ ಲೀಟರಿಗೆ 230 ಮಿಲಿಗ್ರಾಂ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಹೇಳಿತು. ಸುಮಾರು 19 ಲೀಟರ್ ನೀರು ಆ ಮಿತಿಯ ಹತ್ತಿರ ಹೋಗಲು ಒಂದು ಟೀ ಚಮಚ ಉಪ್ಪು ಸಾಕು.

ಹಾಗಿದ್ದರೂ ಜಾಸ್ತಿ ಯಾಕೆ ಸುರಿಯುತ್ತಾರೆ? ಭಯ. ಅಂಗಡಿಯ ಮುಂದೆ ಯಾರಾದರೂ ಜಾರಿ ಬಿದ್ದರೆ ಕೇಸು ಮಾಲೀಕನ ಮೇಲೂ ಬೀಳಬಹುದು, ಗುತ್ತಿಗೆದಾರನ ಮೇಲೂ ಬೀಳಬಹುದು. ಕೋರ್ಟು ಅಲೆಯುವುದಕ್ಕಿಂತ ಇನ್ನೊಂದು ಮೂಟೆ ಉಪ್ಪು ಅಗ್ಗ ಅಲ್ವಾ? ಸುರಿದ ಉಪ್ಪಿನ ಲೆಕ್ಕದಲ್ಲೇ ದುಡ್ಡು ಕೊಡುವ ಗುತ್ತಿಗೆಯಾದರಂತೂ ಕಡಿಮೆ ಹಾಕುವವನೇ ದಡ್ಡ.

ನ್ಯೂ ಹ್ಯಾಂಪ್‌ಶೈರ್ ಕೈ ಹಾಕಿದ್ದು ಈ ಭಯಕ್ಕೇ. ಐ-93 ಹೆದ್ದಾರಿಯನ್ನು ಅಗಲ ಮಾಡುವ ಯೋಜನೆಯ ಹೊತ್ತಿನಲ್ಲಿ ಸುತ್ತಲಿನ ಹಳ್ಳಗಳಲ್ಲಿ ಕ್ಲೋರೈಡ್ ಮಿತಿ ಮೀರಿರುವುದು ದೊಡ್ಡ ವಿಷಯವಾಯಿತು. 2013ರಲ್ಲಿ ಈ ಸರ್ಟಿಫಿಕೇಟಿನ ವ್ಯವಸ್ಥೆ ಬಂತು. ಒಪ್ಪಂದ ಸರಳ. ಗುತ್ತಿಗೆದಾರ ಕಡಿಮೆ ಉಪ್ಪಿನಲ್ಲಿ ಕೆಲಸ ಮುಗಿಸುವುದನ್ನು ಕಲಿಯಬೇಕು. ಎಷ್ಟು ಬಳಸಿದ ಎಂದು ಬರೆದಿಟ್ಟು, ವರ್ಷಕ್ಕೊಮ್ಮೆ ರಾಜ್ಯಕ್ಕೆ ಲೆಕ್ಕ ಕೊಡಬೇಕು. ಬದಲಿಗೆ, ಕಲಿಸಿದ ಕ್ರಮದಲ್ಲೇ ಕೆಲಸ ಮಾಡಿದ್ದರೆ, ಹಿಮದಿಂದ ಯಾರೋ ಜಾರಿ ಬಿದ್ದಾಗ ಪರಿಹಾರದ ದಾವೆಯಿಂದ ಅವನಿಗೂ ಆ ಜಾಗದ ಮಾಲೀಕನಿಗೂ ರಕ್ಷಣೆ ಸಿಗುತ್ತದೆ. ತೀರಾ ಬೇಜವಾಬ್ದಾರಿ ತೋರಿದವರಿಗೆ ಈ ರಕ್ಷಣೆ ಇಲ್ಲ.

ಕಲಿಯುವುದಕ್ಕೆ ಏನಿದೆ? ಬೇಕಾದಷ್ಟಿದೆ. ಗಾಳಿಯದ್ದಲ್ಲ, ನೆಲದ ತಾಪಮಾನ ನೋಡಬೇಕು. ಅದು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ಉಪ್ಪು ತೀರಾ ನಿಧಾನ, ಸುಮ್ನೆ ಸುರಿದು ಪ್ರಯೋಜನವಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎಂಬ ಬೇರೆ ಲವಣಗಳು ಇನ್ನೂ ಹೆಚ್ಚಿನ ಚಳಿಯಲ್ಲಿ ಕೆಲಸ ಮಾಡುತ್ತವೆ, ಆದರೆ ಹೆಸರೇ ಹೇಳುವಂತೆ ಕ್ಲೋರೈಡ್ ಅಲ್ಲೂ ಇದೆ. ಹಿಮ ಬೀಳುವ ಮೊದಲೇ ಶೇಕಡಾ ಸುಮಾರು 23ರಷ್ಟು ಉಪ್ಪಿರುವ ನೀರು ಸಿಂಪಡಿಸಿದರೆ ಮಂಜುಗಡ್ಡೆ ನೆಲಕ್ಕೆ ಅಂಟುವುದೇ ಕಷ್ಟ. ಎರಚುವ ಯಂತ್ರ ನಿಜಕ್ಕೂ ಎಷ್ಟು ಉಪ್ಪು ಬಿಡುತ್ತಿದೆ ಎಂದು ಅಳೆದು ಸರಿಮಾಡುವುದೂ ಪಾಠದಲ್ಲಿದೆ.

ಕೆನಡಾ 2004ರಲ್ಲಿ ರಸ್ತೆ ಉಪ್ಪನ್ನು ಹೇಗೆ ಬಳಸಬೇಕೆಂದು ಹೇಳುವ ಒಂದು ನೀತಿಸಂಹಿತೆ ತಂದಿತು. ಅದು ನೋಡುವುದು ಮುಖ್ಯವಾಗಿ ಸಾರ್ವಜನಿಕ ರಸ್ತೆಗಳಿಗೆ ವರ್ಷಕ್ಕೆ 500 ಟನ್‌ಗಿಂತ ಜಾಸ್ತಿ ಉಪ್ಪು ಬಳಸುವ ಸಂಸ್ಥೆಗಳನ್ನು. ಅಂಗಡಿ ಮುಂದಿನ ಪಾರ್ಕಿಂಗ್ ಜಾಗ ಹೊರಗೇ ಉಳಿಯುತ್ತದೆ. ನ್ಯೂ ಹ್ಯಾಂಪ್‌ಶೈರ್ ಹಿಡಿದದ್ದು ಆ ಜಾಗವನ್ನೇ. ಆದರೆ ಅಲ್ಲೂ ಸರ್ಟಿಫಿಕೇಟ್ ಕಡ್ಡಾಯವಲ್ಲ. ರಕ್ಷಣೆ ಬೇಡ ಎನ್ನುವ ಗುತ್ತಿಗೆದಾರ ಹಳೆಯ ಹಾಗೆಯೇ ಸುರಿಯುತ್ತಾ ಹೋಗಬಹುದು.