ಅಫಿಡವಿಟ್ ಎಂಬ ಆಣೆ

ಕುಂದಗೋಳ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಧಾರವಾಡದ ನನ್ನ ಕಚೇರಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದರು, ಹೊಲದ ವಾರಸಾ ಆಗಬೇಕಿತ್ತು. "ಬಾಂಡ್ ಟೈಪ್ ಮಾಡ್ಸೇವ್ರಿ, ಒಂದು ಸಿಕ್ಕಾ ಹೊಡದು ಕೊಡ್ರಿ" ಅಂದ ಮಗ. ನಾನು ನೋಟರಿ, ಓದಿ ಹೇಳದೆ ಸಿಕ್ಕಾ ಒತ್ತುವುದಿಲ್ಲ. 'ನನ್ನನ್ನು ಬಿಟ್ಟರೆ ಇಬ್ಬರು ಗಂಡುಮಕ್ಕಳಷ್ಟೇ ವಾರಸುದಾರರು' ಎಂಬಲ್ಲಿಗೆ ಬಂದಾಗ ಅಜ್ಜಿ ತಲೆ ಎತ್ತಿದರು. "ಗದಗಿಗೆ ಕೊಟ್ಟ ಮಗಳದಾಳಲ್ರಿ."

ಆ ಕಾಗದ ಒಂದು ಅಫಿಡವಿಟ್, ಮಗ ಅದನ್ನು ಬಾಂಡ್ ಅಂದುಕೊಂಡಿದ್ದ. ಛಾಪಾ ಕಾಗದಕ್ಕೆ ನಮ್ಮ ಕಡೆ ಇರುವ ಹೆಸರೇ ಅದು. ಆದರೆ ಅಫಿಡವಿಟ್ ಎಂಬುದು ಮಧ್ಯಕಾಲದ ಲ್ಯಾಟಿನ್ನಿನ ಕ್ರಿಯಾಪದ. ಆ ಒಂದೇ ಪದದಲ್ಲಿ ಪೂರ್ತಿ ವಾಕ್ಯವಿದೆ: 'ಪ್ರಮಾಣ ಮಾಡಿ ಹೇಳಿದ್ದಾನೆ.' ಅದರ ಬೇರಿನಲ್ಲಿರುವ ಫಿಡೆಸ್ ಅಂದರೆ ನಂಬಿಕೆ. ಛಾಪಾ ಶುಲ್ಕ ಸರ್ಕಾರಕ್ಕೆ ಸಲ್ಲುತ್ತದೆ, ಅಷ್ಟೇ. ಆಣೆ ಮಾಡದಿದ್ದರೆ ಎಷ್ಟು ಬೆಲೆಯ ಬಾಂಡ್ ಆದರೂ ಅಫಿಡವಿಟ್ ಆಗದು.

ಕನ್ನಡದಲ್ಲಿ 'ಪ್ರಮಾಣಪತ್ರ' ಅಂತ ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಜಾತಿ ಪ್ರಮಾಣಪತ್ರವನ್ನು ತಹಶೀಲ್ದಾರರು ಕೊಡುತ್ತಾರೆ, ಅದರ ಹೊಣೆ ಕಚೇರಿಯದು. ಅಫಿಡವಿಟ್‌ನ ಹೊಣೆ ಹೇಳಿದವರದು. ಬರೆಯುವಾಗ 'ಶಪಥಪತ್ರ' ಅನ್ನುತ್ತೇನೆ, ಹಳ್ಳಿಯಿಂದ ಬಂದವರಿಗೆ 'ಇದು ಆಣಿ ಕಾಗದ, ಭಂಡಾರ ಮುಟ್ಟಿ ಹೇಳಿದಂಗ' ಅನ್ನುತ್ತೇನೆ; ಭಂಡಾರ ಅಂದರೆ ದೇವರ ಅರಿಶಿನ ಪುಡಿ. ಆಗ ಯಾರೂ ಅವಸರ ಮಾಡುವುದಿಲ್ಲ.

ಕೋರ್ಟಿಗೂ ಇಂಥ ಆಣೆ ಹೊಸದಲ್ಲ. 1873ರ ಪ್ರಮಾಣಗಳ ಕಾಯ್ದೆಯಡಿ ಒಬ್ಬ ಕಕ್ಷಿದಾರ 'ಅವನು ಇಂಥ ಆಣೆ ಮಾಡಿದರೆ ನಾನು ಒಪ್ಪುತ್ತೇನೆ' ಎನ್ನಬಹುದಿತ್ತು. ಎದುರಿನವನು ಹಾಗೆ ಆಣೆ ಮಾಡಿ ಹೇಳಿದರೆ ಆ ಮಾತೇ ಅಂತಿಮ ಸಾಕ್ಷ್ಯ. ಅದರ ಬದಲಿಗೆ ಬಂದ 1969ರ ಕಾಯ್ದೆ ಆ ವಿಶೇಷ ಆಣೆಗಳನ್ನು ಕೈಬಿಟ್ಟಿತು. ಈಗ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡರ ತೂಕವೂ ಒಂದೇ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದಂತೆ ಅಫಿಡವಿಟ್‌ನಲ್ಲಿ ಸ್ವತಃ ಬಲ್ಲ ಸಂಗತಿಯನ್ನೇ ಹೇಳಬೇಕು. ದಾವೆ ನಡೆಯುತ್ತಿರುವಾಗ ಹಾಕುವ ಮಧ್ಯಂತರ ಅರ್ಜಿಗಳಲ್ಲಿ ಮಾತ್ರ ನಂಬಿಕೆಯ ಮಾತು ನಡೆಯುತ್ತದೆ, ಅದಕ್ಕೂ ಆಧಾರ ಕೊಡಬೇಕು. ಸುಳ್ಳೆಂದು ಗೊತ್ತಿದ್ದೂ ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಡಿ ನ್ಯಾಯಾಲಯದ ವ್ಯವಹಾರದಲ್ಲಿ 7 ವರ್ಷದವರೆಗೆ, ಉಳಿದೆಡೆ 3 ವರ್ಷದವರೆಗೆ ಸಜೆ. ಹೆಬ್ಬೆಟ್ಟು ಅಜ್ಜಿಯದು, ಟೈಪ್ ಮಾಡಿದವನದಲ್ಲ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಹೆಸರು ಇಂಥ ಕಾಗದಗಳಿಂದ ಸದ್ದಿಲ್ಲದೆ ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ಮಗ ಸಂಜೆ ಹೊಸ ಕಾಗದ ತಂದ. ಮತ್ತೆ ಮೊದಲಿನಿಂದ ಓದಿದೆ. ಮಗಳ ಹೆಸರು ಬಂದಾಗ ಅಜ್ಜಿ "ಹೂನ್ರಿ, ಅಕೀನೂ" ಅಂದು ಹೆಬ್ಬೆಟ್ಟು ಮುಂದೆ ಮಾಡಿದರು.